ಹುಡುಗರು ಓದುವುದನ್ನು ಮೊದಲು ಕೇಳಿಸಿಕೊಳ್ಳೋಣ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೆಯ ದಿನ ‘ಈ ಬಾರಿಯೂ ಬಾಲಕಿಯರದೇ ಮೇಲುಗೈ’ ಎಂಬ ಶೀರ್ಷಿಕೆ ನಮ್ಮ ಪತ್ರಿಕೆಗಳಲ್ಲಿ ಕಾಯಂ. ಬಾಲಕಿಯರನ್ನು ಅಭಿನಂದಿಸಿ ಪುಟ ತಿರುವಿಬಿಡುತ್ತೇವೆ. ಉಳಿದರ್ಧ ಮಕ್ಕಳಿಗೆ ಏನಾಯಿತೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. 2023ರಲ್ಲಿ ತೇರ್ಗಡೆಯಾದ ಬಾಲಕಿಯರು ಶೇ 88ರ ಆಸುಪಾಸು, ಬಾಲಕರು ಶೇ 80. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೂ ಬಾಲಕಿಯರು ಶೇ 81ಕ್ಕೆ ಇಳಿದರು, ಬಾಲಕರು ಶೇ 66ಕ್ಕೆ ಕುಸಿದರು. 2025ರ ಪರೀಕ್ಷೆ-1ರಲ್ಲಿ ಶೇ 74 ಮತ್ತು ಶೇ 58. ನಕಲಿಗೆ ಕಡಿವಾಣ ಬೀಳುತ್ತಿದ್ದಂತೆ ಎಂಟರ ಅಂತರ ಹದಿನೈದು, ಹದಿನಾರಕ್ಕೆ ಏರಿತು. ಕ್ಯಾಮೆರಾ ಯಾರನ್ನೂ ದಡ್ಡರನ್ನಾಗಿ ಮಾಡುವುದಿಲ್ಲ. ಮೊದಲೇ ಇದ್ದು ಮುಚ್ಚಿಹೋಗಿದ್ದ ಕೊರತೆ ಅದರಿಂದ ಬಯಲಾಯಿತು ಎಂದೇ ನಾನು ಈ ಅಂಕಿಗಳನ್ನು ಅರ್ಥ ಮಾಡಿಕೊಳ್ಳುತ್ತೇನೆ. ಆ ಕೊರತೆಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ವಿಷಯವಾರು ಹೆಸರಿಟ್ಟು ವಿಶೇಷ ತರಗತಿ ನಡೆಸುತ್ತೇವೆ. ಆದರೆ ಬಹುಪಾಲು ಹುಡುಗರ ವಿಷಯದಲ್ಲಿ ಇವೆಲ್ಲದರ ಬುಡದಲ್ಲಿರುವುದು ಒಂದೇ ತೊಂದರೆ: ಅವರಿಗೆ ಸರಾಗವಾಗಿ ಓದಲು ಬರುವುದಿಲ್ಲ. ಇಂಗ್ಲಿಷ್ ಪಿರಿಯಡ್‌ನಲ್ಲಿ ಅದು ಎದ್ದು ಕಾಣುತ್ತದೆ.

ಈ ತೊಂದರೆಯನ್ನು ಹತ್ತಿರದಿಂದ ನೋಡಲು ಗಂಡು ಮಕ್ಕಳ ಶಾಲೆಗೇ ಹೋಗೋಣ; ಅದು ನಮ್ಮಲ್ಲಿ ಹೊಸದೇನೂ ಅಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಇವತ್ತಿಗೂ ಊರಿನ ಶಾಲೆಯನ್ನು ಕೆಬಿಎಸ್, ಕೆಜಿಎಸ್ ಎಂದೇ ಕರೆಯುತ್ತಾರೆ. ಕನ್ನಡ ಗಂಡು ಮಕ್ಕಳ ಶಾಲೆ, ಕನ್ನಡ ಹೆಣ್ಣು ಮಕ್ಕಳ ಶಾಲೆ. ಹಲವೆಡೆ ಈಗ ಬೋರ್ಡಿನಲ್ಲಿ ಮಾತ್ರ ಗಂಡು ಮಕ್ಕಳ ಶಾಲೆ ಎಂದಿದ್ದು, ಒಳಗೆ ಇಬ್ಬರೂ ಕೂತಿರುತ್ತಾರೆ. ಹಳೇ ಮೈಸೂರಿನ ತಾಲ್ಲೂಕು ಕೇಂದ್ರಗಳಲ್ಲಿ ಬಾಲಕರ ಸರ್ಕಾರಿ ಪ್ರೌಢಶಾಲೆಗಳು, ಬಾಲಕರ ಪದವಿಪೂರ್ವ ಕಾಲೇಜುಗಳು ಇವೆ. ಅವಕ್ಕೆ ಮಕ್ಕಳನ್ನು ಕಳಿಸುವ ಬಾಲಕರ ಹಾಸ್ಟೆಲ್‌ಗಳಿವೆ. ಇಂಥ ಶಾಲೆಗೆ ಬರುವ ಹುಡುಗ ಯಾರು ಎನ್ನುವುದನ್ನು ಗಮನಿಸಬೇಕು. ಮನೆಯಲ್ಲಿ ಒಬ್ಬ ಮಗ, ಒಬ್ಬ ಮಗಳಿದ್ದು ಖಾಸಗಿ ಶಾಲೆಯ ಫೀಸು ಒಬ್ಬರಿಗೆ ಮಾತ್ರ ಸಾಲುವಂತಿದ್ದರೆ ವ್ಯಾನ್ ಹತ್ತುವವನು ಸಾಮಾನ್ಯವಾಗಿ ಮಗ. ಹಾಗಾಗಿ ಸರ್ಕಾರಿ ಶಾಲೆಯಲ್ಲಿ ಉಳಿಯುವ ಹುಡುಗ ಆ ಒಂದು ಫೀಸೂ ಕಟ್ಟಲಾಗದ ಮನೆಯವನಾಗಿರುವ ಸಾಧ್ಯತೆ ಹೆಚ್ಚು. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಒಂದು ಕುತೂಹಲದ ಅಂಶವಿದೆ. ಎರಡನೇ ತರಗತಿ ಮಟ್ಟದ ಪಠ್ಯವನ್ನು ತಮ್ಮ ಪ್ರದೇಶದ ಭಾಷೆಯಲ್ಲಿ ಓದಬಲ್ಲ ಹುಡುಗಿಯರು ಶೇ 76, ಹುಡುಗರು ಶೇ 71ರಷ್ಟು. ಇಂಗ್ಲಿಷ್ ವಾಕ್ಯ ಓದುವುದರಲ್ಲಿ ಮಾತ್ರ ಹುಡುಗರೇ ತುಸು ಮುಂದೆ. ಹುಡುಗರಿಗೆ ಇಂಗ್ಲಿಷ್ ಹುಟ್ಟಿನಿಂದ ಒಲಿದಿದೆ ಎಂದು ಇದರ ಅರ್ಥವಲ್ಲ. ಅಪ್ಪ-ಅಮ್ಮ ಯಾರ ಇಂಗ್ಲಿಷಿಗೆ ದುಡ್ಡು ಹಾಕಿದರು ಎಂಬುದರ ಲೆಕ್ಕ ಅದು ಎಂದು ನನಗನ್ನಿಸುತ್ತದೆ. ಆ ದುಡ್ಡೂ ಸಿಗದ, ಕನ್ನಡದ ಓದೂ ಹತ್ತದ ಹುಡುಗ ಬಾಲಕರ ಸರ್ಕಾರಿ ಶಾಲೆಯ ಹಿಂದಿನ ಬೆಂಚಿನಲ್ಲಿದ್ದಾನೆ.

ಅವನ ಇಂಗ್ಲಿಷ್ ನೋಟ್ಸನ್ನು ಹತ್ತಿರದಿಂದ ನೋಡಿದರೆ ನಮ್ಮ ಬೋಧನೆಯ ಪೂರ್ತಿ ಕಥೆ ಅಲ್ಲೇ ಇರುತ್ತದೆ. ಪದ್ಯದ ಪ್ರತಿ ಇಂಗ್ಲಿಷ್ ಸಾಲಿನ ನೆತ್ತಿಯ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಲಿಪಿಯ ಉಚ್ಚಾರ. ಕಂಠಪಾಠದ ಸಾಲುಗಳನ್ನು ಆತ ಕಲಿಯುವುದು ಆ ಪೆನ್ಸಿಲ್ ಬರಹದಿಂದ. ಕೆಳಗಿನ ಮುದ್ರಿತ ಅಕ್ಷರ ಅವನ ಮಟ್ಟಿಗೆ ಚಿತ್ರ. ಪತ್ರಲೇಖನದಲ್ಲಿ ಫ್ರಮ್, ಟು, ರೆಸ್ಪೆಕ್ಟೆಡ್ ಸರ್, ಯುವರ್ಸ್ ಫೇತ್‌ಫುಲಿ ಎಲ್ಲಾ ತಮ್ಮ ತಮ್ಮ ಜಾಗದಲ್ಲಿರುತ್ತವೆ, ನಡುವಿನ ವಿಷಯ ಮಾತ್ರ ಪ್ರಶ್ನೆಪತ್ರಿಕೆಯಿಂದಲೇ ಎತ್ತಿ ಬರೆದದ್ದು. ಚೌಕಟ್ಟಿಗೂ ಅಂಕವಿದೆ, ಕಂಠಪಾಠಕ್ಕೂ ಅಂಕವಿದೆ. ಇದನ್ನೆಲ್ಲ ಒಟ್ಟುಗೂಡಿಸಿ ಡಿಸೆಂಬರ್ ಹೊತ್ತಿಗೆ ಶಾಲೆಗಳಲ್ಲಿ ಹಂಚುವ ಜೆರಾಕ್ಸ್ ಕಟ್ಟಿಗೆ ‘ಪಾಸಿಂಗ್ ಪ್ಯಾಕೇಜ್’ ಎಂದು ಹೆಸರು. ಅದನ್ನು ತಯಾರಿಸುವ ಶಿಕ್ಷಕರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೇ. ಆದರೆ ಒಂದು ಮಾತನ್ನು ನಾವು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಪೆನ್ಸಿಲ್‌ನ ಊರುಗೋಲೂ ಕೆಲಸಕ್ಕೆ ಬರುವುದು ಕನ್ನಡವನ್ನು ಸರಾಗವಾಗಿ ಓದಬಲ್ಲವನಿಗೆ ಮಾತ್ರ. ಒತ್ತಕ್ಷರದಲ್ಲೇ ಎಡವುವ ಹುಡುಗನಿಗೆ ‘ಕ್ವಾಲಿಟಿ’ ಎಂದು ಕನ್ನಡದಲ್ಲಿ ಬರೆದುಕೊಟ್ಟರೂ ಪ್ರಯೋಜನವಿಲ್ಲ. ಆತ ಇಂಗ್ಲಿಷಿನಲ್ಲಿ ನಪಾಸಾದ ಎಂದು ದಾಖಲೆ ಹೇಳುತ್ತದೆ. ಅವನು ನಿಜಕ್ಕೂ ಸೋತಿದ್ದು ಬಹಳ ಹಿಂದೆ, ಮೂರನೆಯದೋ ನಾಲ್ಕನೆಯದೋ ತರಗತಿಯ ಕನ್ನಡ ಪುಸ್ತಕದ ಮುಂದೆ.

ಅಲ್ಲಿ ಏನಾಗುತ್ತದೆ? ಕನ್ನಡವನ್ನು ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ, ಆದ್ದರಿಂದ ಒಂದನೇ ತರಗತಿ ಮುಗಿಯುವಷ್ಟರಲ್ಲಿ ಓದು ಬಂದೇಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ವಾಸ್ತವ ಅಷ್ಟು ಸಲೀಸಾಗಿಲ್ಲ. 34 ವ್ಯಂಜನಗಳ ಕಾಗುಣಿತವೇ ನಾನೂರು ದಾಟುತ್ತದೆ. ಒತ್ತಕ್ಷರಗಳದು ಅದರ ಮೇಲಿನ ಹೊರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲಿನ ಹಿಡಿತ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಾ ಹೋಗುತ್ತದೆ ಎಂದು ತೋರಿಸಿತು. ನಮ್ಮ ಪಠ್ಯಪುಸ್ತಕಗಳು ಅಷ್ಟು ಕಾಯುವುದಿಲ್ಲ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಪಾಠ ಉದ್ದವಾಗುತ್ತದೆ, ಪರಿಸರ ಅಧ್ಯಯನದ ಪದಗಳು ಭಾರವಾಗುತ್ತವೆ. ಹಿಂದುಳಿದವರಿಗಾಗಿ ಪ್ರಥಮ್ ಸಂಸ್ಥೆಯ ಜೊತೆ ಸರ್ಕಾರ ನಡೆಸಿದ ‘ಓದು ಕರ್ನಾಟಕ’ ಕೂಡ 4 ಮತ್ತು 5ನೇ ತರಗತಿಗೆ ಸೀಮಿತವಾಗಿತ್ತು. ಐದು ದಾಟಿದ ಮೇಲೆ ಓದು ಕಲಿಸುವುದು ಬಹುಮಟ್ಟಿಗೆ ಯಾರ ಕೆಲಸವೂ ಅಲ್ಲ. ‘ಅಸರ್’ 2024ರ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ. ಎಂಟನೇ ತರಗತಿಗೆ ಬಂದರೂ ಓದಲಾಗದವರು ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ ಜೂನ್ ತಿಂಗಳಲ್ಲಿ ಎದುರುಗೊಳ್ಳುವುದು ಈ ತರಗತಿಯನ್ನು. ಅವರ ಬಿ.ಇಡಿ.ಯಲ್ಲಿ ಓದಲು ಬಾರದ ಹದಿಮೂರು ವರ್ಷದವನಿಗೆ ಓದು ಹೇಗೆ ಕಲಿಸಬೇಕು ಎಂಬ ಪಾಠವೇ ಇರಲಿಲ್ಲ.

ಕನ್ನಡದ ಓದಿಗೂ ಇಂಗ್ಲಿಷಿಗೂ ಏನು ಸಂಬಂಧ ಎಂದು ಕೇಳಬಹುದು. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲೇ ಮುಂದಿಟ್ಟ ವಾದ ಶಿಕ್ಷಣ ವಲಯದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು: ಒಂದು ಭಾಷೆಯಲ್ಲಿ ಗಟ್ಟಿಯಾಗಿ ಬೆಳೆದ ಓದು-ಬರಹದ ಸಾಮರ್ಥ್ಯ ಎರಡನೆಯ ಭಾಷೆಗೂ ಒದಗುತ್ತದೆ. ಇದನ್ನು ಮಂತ್ರದಂತೆ ಜಪಿಸುವವರು ಒಂದು ಅಂಶವನ್ನು ಮರೆಯುತ್ತಾರೆ. ಎಲ್ಲವೂ ದಾಟಿ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ‘ಸಿ ಎ ಟಿ ಕ್ಯಾಟ್’ ಎಂದು ನೂರು ಸಲ ಕೂಗಿಸಿದರೂ ‘ಸಿ’ ಎಂಬುದು ‘ಕ್’ ಆದದ್ದು ಹೇಗೆಂದು ಮಗುವಿಗೆ ತಿಳಿಯುವುದಿಲ್ಲ. ಅದನ್ನು ಇಂಗ್ಲಿಷ್ ಪಿರಿಯಡ್‌ನಲ್ಲೇ, ಸದ್ದಿನಿಂದ ಅಕ್ಷರಕ್ಕೆ ಹೋಗುತ್ತಾ, ಬಿಡಿಸಿ ಕಲಿಸಬೇಕು. ದಾಟಿ ಬರುವುದು ಇನ್ನೊಂದು ಬಗೆಯದು: ಒಂದು ಪ್ಯಾರಾದ ಮುಖ್ಯ ಮಾತು ಯಾವುದು, ಉದಾಹರಣೆ ಯಾವುದು ಎಂದು ಬೇರ್ಪಡಿಸುವ ಅಭ್ಯಾಸ, ಗೊತ್ತಿಲ್ಲದ ಪದವನ್ನು ಸುತ್ತಲಿನ ವಾಕ್ಯದಿಂದ ಊಹಿಸುವ ಧೈರ್ಯ, ಎರಡು ಪುಟ ಕೂತು ಓದುವ ತಾಳ್ಮೆ, ಓದಿದ್ದನ್ನು ಸ್ವಂತ ಮಾತಿನಲ್ಲಿ ನಾಲ್ಕು ಸಾಲು ಬರೆಯುವ ರೂಢಿ. ಇವು ಗೊತ್ತಿರುವ ಭಾಷೆಯಲ್ಲಿ ಮೊದಲು ಬರಬೇಕು. ಅರ್ಥವಾಗದ ಭಾಷೆಯಲ್ಲಿ ಯಾರೂ ಅರ್ಥ ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡಲಾರರು. ಆದ್ದರಿಂದ ಇಂಗ್ಲಿಷ್ ಚೆನ್ನಾಗಿ ಬರಲಿ ಎಂಬ ಆಸೆಯಿದ್ದರೆ ಬಾಲಕರ ಶಾಲೆಯಲ್ಲಿ ಕನ್ನಡದ ಓದನ್ನು ಎಂಟನೇ ತರಗತಿಯಲ್ಲೂ ನಾಚಿಕೆಯಿಲ್ಲದೆ ಕಲಿಸಬೇಕು, ಅದರ ಜೊತೆಜೊತೆಗೇ ಇಂಗ್ಲಿಷಿನದನ್ನೂ.

ಹುಡುಗರನ್ನೇ ಏಕೆ ಎತ್ತಿ ಹೇಳಬೇಕು? ಓದಿನಲ್ಲಿ ಹುಡುಗರು ಹಿಂದುಳಿಯುವುದು ನಮ್ಮ ರಾಜ್ಯದ ವಿಶೇಷವೇನಲ್ಲ. 2018ರ ‘ಪೀಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಭಾಗವಹಿಸಿದ ಎಲ್ಲ ದೇಶಗಳಲ್ಲೂ ಓದಿನಲ್ಲಿ ಹುಡುಗಿಯರೇ ಮುಂದಿದ್ದರು. ಆ ಪರೀಕ್ಷೆ ನಡೆಸುವ ಒಇಸಿಡಿ ಕೂಟದ ದೇಶಗಳ ಸರಾಸರಿ ಅಂತರ 30 ಅಂಕ. ಹುಡುಗರ ಮಿದುಳೇ ಹಾಗೆ ಎನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಹುಡುಗ-ಹುಡುಗಿಯರ ನಡುವಿನ ಸರಾಸರಿ ಅಂತರಕ್ಕಿಂತ ಹುಡುಗ-ಹುಡುಗರ ನಡುವಿನ ಅಂತರವೇ ದೊಡ್ಡದು. ಆದರೆ ಓದಲು ಬಾರದಿರುವುದನ್ನು ಮರೆಮಾಚುವ ದಾರಿಗಳು ಹುಡುಗನಿಗೆ ಹೆಚ್ಚಾಗಿ ತೆರೆದಿವೆ. ಹದಿಮೂರನೇ ವಯಸ್ಸಿನಲ್ಲಿ ಗೆಳೆಯರ ಎದುರು ತಡವರಿಸುತ್ತಾ ಓದುವ ಅವಮಾನಕ್ಕಿಂತ ತರಲೆ ಮಾಡಿ ಹೊರಗೆ ನಿಲ್ಲುವುದು ಮರ್ಯಾದೆಯ ಕೆಲಸ. ತುಂಟ ಎನ್ನಿಸಿಕೊಂಡರೆ ಹುಡುಗನ ಮಾನ ಹೋಗುವುದಿಲ್ಲ. ಮನೆಯಲ್ಲೂ ಅವನ ಸಂಜೆ ರಸ್ತೆಯಲ್ಲಿ ಕಳೆಯುತ್ತದೆ, ಸುಗ್ಗಿಯಲ್ಲಿ ಕೂಲಿಗೆ ಕರೆದರೆ ಹಾಜರಿ ತಪ್ಪುತ್ತದೆ. ಹುಡುಗರಷ್ಟೇ ಇರುವ ಶಾಲೆಯಲ್ಲಿ ಈ ಗತ್ತು ಇನ್ನೂ ದಪ್ಪವಾಗಬಹುದು. ಅಲ್ಲೇ ಅದನ್ನು ಕರಗಿಸುವ ಅವಕಾಶವೂ ಇದೆ: ಇಡೀ ತರಗತಿ ಒಟ್ಟಾಗಿ ಓದುವುದು, ಜೋಡಿಯಾಗಿ ಓದುವುದು ದಿನಚರಿಯಾದರೆ ಅದು ಯಾರೊಬ್ಬನ ದೌರ್ಬಲ್ಯವಾಗಿ ಉಳಿಯುವುದಿಲ್ಲ. ಹುಡುಗರಿಗೆಂದು ಕ್ರಿಕೆಟ್ಟು, ಬೈಕು, ಯುದ್ಧದ ಪುಸ್ತಕಗಳನ್ನು ಮಾತ್ರ ಇಡಬೇಕೆಂಬ ಸಲಹೆಯೂ ಆಗಾಗ ಬರುತ್ತದೆ. ಇರಲಿ, ಅವೂ ಇರಲಿ. ಆದರೆ ಹುಡುಗನಿಗೆ ಇಷ್ಟು ಸಾಕು ಎಂದು ನಾವೇ ಬೇಲಿ ಹಾಕುವುದು ಬೇಡ.

ಈ ವಾದಕ್ಕೆ ಬರುವ ಅತ್ಯಂತ ಗಂಭೀರ ಆಕ್ಷೇಪ ಸಾಮಾಜಿಕ ನ್ಯಾಯದ ಕಡೆಯಿಂದ. ಬಡವರ, ದಲಿತರ ಮಕ್ಕಳಿಗೆ ಇಂಗ್ಲಿಷ್ ಕೊಡುವ ಹೊತ್ತು ಬಂದಾಗಲೇ ಮೊದಲು ಕನ್ನಡ ಎನ್ನುವ ಉಪದೇಶ ಶುರುವಾಗುತ್ತದೆ. ಉಪದೇಶಿಸುವವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ಆಕ್ಷೇಪಿಸುವವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಾವಿತ್ರಿಬಾಯಿ ಫುಲೆ ಇಂಗ್ಲಿಷನ್ನು ತಾಯಿ ಎಂದು ಕರೆದು ಕವಿತೆ ಬರೆದದ್ದು ಸುಮ್ಮನೆ ಅಲ್ಲ. ಆ ಕವಿತೆ ಮರಾಠಿಯಲ್ಲಿತ್ತು, ಪುಣೆಯ ಹೆಣ್ಣುಮಕ್ಕಳಿಗೆ ಅವರು ಮೊದಲು ಕೊಟ್ಟದ್ದು ಅಕ್ಷರವನ್ನು ಎಂಬುದನ್ನೂ ನೆನೆಯಬೇಕು. ಇಂಗ್ಲಿಷನ್ನು ಮುಂದೂಡಬೇಕೆಂದು ನಾನು ಹೇಳುತ್ತಿಲ್ಲ. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ, ಇರಲಿ. ಹತ್ತು ವರ್ಷ ಇಂಗ್ಲಿಷ್ ಪಿರಿಯಡ್‌ನಲ್ಲಿ ಕೂತ ಹುಡುಗ ಅದರ ಒಂದು ಪ್ಯಾರಾ ಓದಲಾರ ಎಂದಾದರೆ ಅವನಿಗೆ ನಾವು ಇಂಗ್ಲಿಷ್ ಕೊಟ್ಟೆವೆಂದು ಹೇಳಿಕೊಳ್ಳುವುದು ಹೇಗೆ? 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ, ಸರ್ಕಾರಿ ಶಾಲೆಗಳಲ್ಲಿ ಸಾವಿರ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ನಿರ್ಧಾರದ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಆ ವರ್ಷವೇ ವಿಭಾಗಗಳು ಆರಂಭವಾದವು. ಅವತ್ತಿನಿಂದಲೂ ಪರ-ವಿರೋಧದ ಎರಡೂ ಬಣಗಳು ಮಾಧ್ಯಮದ ಬಗ್ಗೆ ಮಾತಾಡಿವೆ. ಮಗು ಯಾವ ಭಾಷೆಯಲ್ಲಾದರೂ ಒಂದು ಪುಟ ಓದುತ್ತದೆಯೇ ಎಂದು ಕೇಳುವಷ್ಟು ವ್ಯವಧಾನ ಇಬ್ಬರಿಗೂ ಇಲ್ಲ. ಬೋರ್ಡು ಬದಲಾದರೆ ಓದು ಬರುತ್ತದೆ ಎಂಬ ನಂಬಿಕೆಯಲ್ಲಿ ಇಬ್ಬರೂ ಒಂದೇ.

ಇನ್ನೊಂದು ಆಕ್ಷೇಪ ನಿಜವಾಗಿಯೂ ತೊಡಕಿನದು. ಗಡಿ ಜಿಲ್ಲೆಗಳಲ್ಲಿ, ತಾಂಡಾಗಳಲ್ಲಿ, ಬೆಂಗಳೂರಿನ ಕೂಲಿಕಾರರ ಬಡಾವಣೆಗಳಲ್ಲಿ ಹುಡುಗನ ಮನೆಮಾತು ಕನ್ನಡವೇ ಅಲ್ಲ. ಲಂಬಾಣಿ, ಉರ್ದು, ಮರಾಠಿ, ತೆಲುಗು. ಅವನಿಗೆ ಕನ್ನಡವೂ ಶಾಲೆಯ ಭಾಷೆ, ಇಂಗ್ಲಿಷೂ ಶಾಲೆಯ ಭಾಷೆ. ಹಾಗಿದ್ದಾಗ ಕನ್ನಡದ ಮೂಲಕ ಹೋಗುವುದೇಕೆ? ಏಕೆಂದರೆ ಬೀದಿಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಆತ ಕೇಳುವ, ಆಡುವ ಭಾಷೆ ಬಹುಮಟ್ಟಿಗೆ ಕನ್ನಡ; ಎಂಟನೇ ತರಗತಿಯ ಹೊತ್ತಿಗೆ ಕಿವಿಗೆ ಅದು ಬಿದ್ದಿರುತ್ತದೆ. ಉರ್ದು ಅಥವಾ ಮರಾಠಿ ಮಾಧ್ಯಮದ ಶಾಲೆಯಾದರೆ ಈ ಕೆಲಸ ಆ ಭಾಷೆಯಲ್ಲೇ ನಡೆಯಲಿ. ವಾದ ಕನ್ನಡದ ಹೆಮ್ಮೆಯದಲ್ಲ. ಹುಡುಗನಿಗೆ ಕಿವಿಯಿಂದ ಅರ್ಥವಾಗುವ ಭಾಷೆ ಯಾವುದೋ ಅದರಲ್ಲಿ ಕಣ್ಣಿನ ಓದು ಮೊದಲು ಗಟ್ಟಿಯಾಗಲಿ ಎಂಬುದಷ್ಟೇ.

ಮಾಡುವುದೇನು? ಪ್ರತಿ ಜೂನ್‌ನಲ್ಲಿ ನಮ್ಮ ಶಾಲೆಗಳು ‘ಸೇತುಬಂಧ’ ನಡೆಸುತ್ತವೆ, ಅದರಲ್ಲಿ ಪೂರ್ವಪರೀಕ್ಷೆ ಇರುತ್ತದೆ. ಆ ಪರೀಕ್ಷೆಯನ್ನು ಬರೆಸುತ್ತಾರೆ. ಓದಲು ಬಾರದವನೂ ವಿಷಯ ಗೊತ್ತಿಲ್ಲದವನೂ ಒಂದೇ ಸೊನ್ನೆ ಪಡೆಯುವುದರಿಂದ ಅದು ಶಿಕ್ಷಕರಿಗೆ ಏನನ್ನೂ ಹೇಳುವುದಿಲ್ಲ. ಎಂಟನೇ ತರಗತಿಗೆ ಬಂದ ಪ್ರತಿ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಬೇರೆಯವರ ಕಿವಿಗೆ ಬೀಳದಂತೆ, ಒಂದು ಕನ್ನಡ ಪುಟ ಮತ್ತು ನಾಲ್ಕು ಇಂಗ್ಲಿಷ್ ವಾಕ್ಯ ಓದಿಸಿದರೆ ತಲಾ ಐದು ನಿಮಿಷ ಸಾಕು. ಅರವತ್ತು ಹುಡುಗರಿಗೆ ಐದು ಗಂಟೆ. ಆಮೇಲೆ ತರಗತಿಯನ್ನು ಲೆಕ್ಕಿಸದೆ ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ ದಿನಕ್ಕೊಂದು ಪಿರಿಯಡ್ ಕೊಡಬೇಕು. ಮಟ್ಟಕ್ಕೆ ತಕ್ಕ ಬೋಧನೆಯ ಈ ವಿಧಾನವನ್ನು ಪ್ರಥಮ್ ಹಲವು ರಾಜ್ಯಗಳಲ್ಲಿ ಬಳಸಿದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡದ ಪ್ರಯೋಗಗಳಲ್ಲಿ ಈ ವಿಧಾನ ಪರೀಕ್ಷೆಗೊಳಗಾಗಿ ಗೆದ್ದಿದೆ. ಇಂಗ್ಲಿಷ್ ತರಗತಿಯ ಮಟ್ಟಿಗಂತೂ ನಾವು ಹೊರಗೆ ಹುಡುಕಬೇಕಿಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ವ್ಯಾಕರಣದ ನಿಯಮ ಕಂಠಪಾಠ ಮಾಡಿಸುವ ಬದಲು ರೈಲ್ವೆ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಸಮಸ್ಯೆ ಬಿಡಿಸುವಂತೆ ಕೇಳುತ್ತಿದ್ದರು. ಮೊದಲು ಶಿಕ್ಷಕರ ಜೊತೆ ಎಲ್ಲರೂ ಸೇರಿ ಒಂದು, ಆಮೇಲೆ ಅಂಥದೇ ಇನ್ನೊಂದನ್ನು ಒಬ್ಬೊಬ್ಬರೇ. ಬೆಂಗಳೂರಿನ ಇಂಗ್ಲಿಷ್ ಸಂಸ್ಥೆಯೊಂದರಿಂದ ಹೊರಟ ಈ ವಿಚಾರವನ್ನು ಪ್ರಪಂಚದ ತರಬೇತಿ ಕಾಲೇಜುಗಳು ಓದಿದವು, ನಮ್ಮ ನೋಟ್ಸುಗಳಿಗೆ ಮಾತ್ರ ಅದು ತಲುಪಲಿಲ್ಲ. ಗೊಬ್ಬರದ ಚೀಲದ ಮೇಲಿನ ಸೂಚನೆ, ಫೋನಿನ ಸೆಟ್ಟಿಂಗ್ಸ್, ಕ್ರಿಕೆಟ್ ಸ್ಕೋರ್‌ಕಾರ್ಡ್ ಇವೆಲ್ಲ ಅರ್ಥಕ್ಕಾಗಿ ಓದಬೇಕಾದ ಇಂಗ್ಲಿಷೇ. ಹಾಸ್ಟೆಲ್‌ಗಳಲ್ಲಿ ಸಂಜೆ ಅರ್ಧ ಗಂಟೆ ದೊಡ್ಡವನು ಚಿಕ್ಕವನಿಗೆ ಓದಿಹೇಳುವ ವ್ಯವಸ್ಥೆಗೆ ಬೇಕಾದ ಪುಸ್ತಕಗಳು ಪಕ್ಕದ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೇ ಸಿಗುತ್ತವೆ.

ಪೋರ್ಷನ್ ಯಾರು ಮುಗಿಸುತ್ತಾರೆ, ಇದು ಭಾಷಾ ಶಿಕ್ಷಕರ ಕೆಲಸವಲ್ಲವೇ ಎಂದು ವಿಜ್ಞಾನ, ಸಮಾಜದ ಮೇಷ್ಟ್ರು ಕೇಳುತ್ತಾರೆ. ಎಲ್ಲ ವಿಷಯದ ಶಿಕ್ಷಕರೂ ಭಾಷೆಯ ಶಿಕ್ಷಕರೇ ಎಂದು ಇಂಗ್ಲೆಂಡಿನ ಬುಲಕ್ ಸಮಿತಿ 1975ರಲ್ಲಿ ಹೇಳಿತು. ಅಲ್ಲಿಯೂ ಅದನ್ನು ಕೇಳಿ ತಲೆಯಾಡಿಸಿದವರು ಹೆಚ್ಚು, ಮಾಡಿದವರು ಕಡಿಮೆ. ಒತ್ತಾಯದ ಸುತ್ತೋಲೆಯಿಂದ ಅದು ಆಗದು. ಆದರೆ ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಬಿಡಿಸಿ ಓದಲಾಗದವನಿಗೆ ಆ ಪಾಠ ಮುಗಿಸಿದೆ ಎನ್ನುವುದು ದಾಖಲೆಯ ಮಾತು. ತನ್ನ ಪಾಠದ ಹತ್ತು ಕಠಿಣ ಪದಗಳನ್ನು ಬೋರ್ಡಿನ ಮೇಲೆ ಬರೆದು ಎರಡು ನಿಮಿಷ ಓದಿಸುವುದು, ಪಾಠದ ಕೊನೆಗೆ ಮೂರು ಸಾಲು ಸ್ವಂತವಾಗಿ ಬರೆಸುವುದು ವಿಜ್ಞಾನದ ಕೆಲಸವೇ. ಸಮಯದ ಕೊರತೆ ನಿಜ. ಸಮೀಕ್ಷೆ, ಚುನಾವಣೆ, ಬಿಸಿಯೂಟದ ಲೆಕ್ಕ, ಆ್ಯಪ್‌ಗಳಿಗೆ ಮಾಹಿತಿ ತುಂಬುವುದು ಎಂದು ಶಿಕ್ಷಕರ ದಿನಗಳನ್ನು ಕಿತ್ತುಕೊಳ್ಳುವ ಸರ್ಕಾರಕ್ಕೆ ಅವರಿಂದ ಹೊಸದೇನನ್ನಾದರೂ ಕೇಳುವ ಮುಖವಿರಬೇಕು. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯಲ್ಲಂತೂ ಯಾವ ಯೋಜನೆಯೂ ಮರುವರ್ಷಕ್ಕೆ ಉಳಿಯುವುದಿಲ್ಲ. ಅಷ್ಟು ಒಪ್ಪಿಕೊಂಡ ಮೇಲೂ, ಹತ್ತನೇ ತರಗತಿಯಲ್ಲಿ ರಾತ್ರಿ ತರಗತಿ, ವಿಶೇಷ ತರಗತಿ, ಪ್ಯಾಕೇಜು ಎಂದು ಸುರಿಯುವ ಗಂಟೆಗಳಲ್ಲಿ ಕಾಲು ಭಾಗವನ್ನು ಎಂಟನೇ ತರಗತಿಗೆ ಎಳೆದುಕೊಂಡರೆ ಸಾಕಾಗುತ್ತದೆ.

ಉಳಿದದ್ದು ಪರೀಕ್ಷಾ ಮಂಡಳಿಯ ಕೈಯಲ್ಲಿದೆ. ತೇರ್ಗಡೆಯ ಅಂಕವನ್ನು 35ರಿಂದ 33ಕ್ಕೆ ಇಳಿಸಿದ್ದರಿಂದ ಕೆಲವರ ಒಂದು ವರ್ಷ ಉಳಿಯಬಹುದು, ಓದು ಬರುವುದಿಲ್ಲ. ಅದರ ಬದಲು ಇಂಗ್ಲಿಷ್ ಪತ್ರಿಕೆಯಲ್ಲಿ ಕಂಠಪಾಠಕ್ಕೂ ಪತ್ರದ ಚೌಕಟ್ಟಿಗೂ ಇರುವ ಅಂಕ ತಗ್ಗಿಸಿ, ಹಿಂದೆಂದೂ ಕಾಣದ ಸರಳ ಗದ್ಯಭಾಗವನ್ನು ಓದಿ ಉತ್ತರಿಸುವುದಕ್ಕೆ ಅಂಕ ಹೆಚ್ಚಿಸಲಿ. ಕನ್ನಡ ಪತ್ರಿಕೆಯಲ್ಲೂ ಅಷ್ಟೆ. ಮೂರು ವರ್ಷ ಮೊದಲೇ ಪ್ರಕಟಿಸಿ ಮಾಡಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ, ಪ್ಯಾಕೇಜಿನ ಜೆರಾಕ್ಸಿಗೆ ಬೇಡಿಕೆಯೂ ತಾನಾಗಿ ಇಳಿಯುತ್ತದೆ. ಶಾಲಾ ಭೇಟಿಗೆ ಬರುವ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ಸಮೂಹ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಈಗ ಕೇಳುವುದು ಶೇಕಡಾ ಎಷ್ಟು ಎಂಬ ಒಂದೇ ಲೆಕ್ಕ. ಎಂಟನೇ ತರಗತಿಯಲ್ಲಿ ಜೂನ್‌ನಲ್ಲಿ ಓದಲಾರದವರು ಎಷ್ಟು ಮಂದಿ ಇದ್ದರು, ಅವರಲ್ಲಿ ಡಿಸೆಂಬರ್‌ಗೆ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಎರಡು ಸಂಖ್ಯೆಗಳನ್ನೂ ಅವರು ಕೇಳಬೇಕು, ಮೊದಲ ಸಂಖ್ಯೆ ದೊಡ್ಡದಾಗಿದ್ದಕ್ಕೆ ಯಾರಿಗೂ ನೋಟಿಸ್ ಕೊಡಬಾರದು. ನೋಟಿಸ್ ಬರುತ್ತದೆಂದಾದರೆ ಆ ಕಾಲಂನಲ್ಲಿ ಎಲ್ಲ ಶಾಲೆಗಳೂ ಸೊನ್ನೆ ಬರೆದು ಕಳಿಸುತ್ತವೆ. ಮುಂದಿನ ಸೇತುಬಂಧದ ಸುತ್ತೋಲೆಯಲ್ಲಿ ಇಷ್ಟನ್ನು ಸೇರಿಸಲು ಹೊಸ ಯೋಜನೆಯ ಹೆಸರಾಗಲಿ, ಉದ್ಘಾಟನೆಯಾಗಲಿ, ಹಣಕಾಸು ಇಲಾಖೆಯ ಒಪ್ಪಿಗೆಯಾಗಲಿ ಬೇಕಿಲ್ಲ. ಬಹುಶಃ ಅದಕ್ಕೇ ಇದುವರೆಗೆ ಯಾರೂ ಆ ಕಡೆ ನೋಡಿಲ್ಲ.